ವಾರಾಂತ್ಯದ ಜೀಪು ಯಾತ್ರೆ: ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ಮಲೆನಾಡಿನಲ್ಲಿ ಜೀಪು ಮೊದಲಿನಿಂದಲೂ ದುಡಿಮೆಯ ವಾಹನ. ಕಾಫಿ ತೋಟಗಳಿಗೆ ಆಳುಗಳನ್ನು ಕರೆದೊಯ್ಯುವುದು, ಗೊಬ್ಬರದ ಚೀಲಗಳನ್ನು ಗುಡ್ಡದ ಮೇಲಕ್ಕೆ ಏರಿಸುವುದು, ಕುಯ್ಲಿನ ಕಾಲದಲ್ಲಿ ಹಣ್ಣಿನ ಮೂಟೆಗಳನ್ನು ಕಣಕ್ಕೆ ತಲುಪಿಸುವುದು ಇವೇ ಅದರ ಕೆಲಸಗಳಾಗಿದ್ದವು. 1985ರಲ್ಲಿ ಮಾರುತಿ ಜಿಪ್ಸಿ, 2010ರಲ್ಲಿ ಮಹೀಂದ್ರಾ ಥಾರ್, 2020ರಲ್ಲಿ ಅದರ ಹೊಸ ಆವೃತ್ತಿ, 2023ರಲ್ಲಿ ಜಿಮ್ನಿ ಮಾರುಕಟ್ಟೆಗೆ ಬಂದ ಮೇಲೆ ಈ ಬಗೆಯ ವಾಹನವು ನಗರದ ವರ್ತಕರ, ಉದ್ಯಮಿಗಳ, ತಂತ್ರಜ್ಞರ ಮನೆಯಂಗಳಕ್ಕೆ ವಿಹಾರದ ಸಾಧನವಾಗಿ ಕಾಲಿರಿಸಿದೆ. ಶನಿವಾರ ನಸುಕಿನಲ್ಲಿ ನೆಲಮಂಗಲದಿಂದ ಹಾಸನದತ್ತ ಸಾಗುವ ಐದಾರು ವಾಹನಗಳ ಸಾಲು ಇಂದು ಅಪರೂಪದ ನೋಟವಲ್ಲ. ಚಾವಣಿಯ ಮೇಲೆ ಗುಡಾರ, ಹಿಂಬಾಗಿಲಿಗೆ ಸನಿಕೆ, ಮುಂದೆ ವಿಂಚ್.

ಇಂತಹ ಯಾತ್ರೆಗೆ ಬೇಕಾದ ಸಾಮಗ್ರಿಯನ್ನು ತಯಾರಿಸುವ ಹಾಗೂ ಮಾರುವ ಸಣ್ಣ ಘಟಕಗಳೂ ಅಂಗಡಿಗಳೂ ರಾಜ್ಯದಲ್ಲಿ ತಲೆಯೆತ್ತಿವೆ. ಆದಕಾರಣ ಯಾತ್ರೆ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದು ವಿಹಾರಪ್ರಿಯರಿಗಷ್ಟೇ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. ಆರು ಲಾರಿಗಳಲ್ಲಿ ಸರಕು ಕಳುಹಿಸುವ ವ್ಯಾಪಾರಿಯು ದಾರಿ, ಸಮಯ, ಕಾಗದಪತ್ರ, ಹೊರೆ ಎಲ್ಲವನ್ನೂ ಮೊದಲೇ ನೋಡಿಕೊಳ್ಳುತ್ತಾನೆ. ಅದೇ ವ್ಯಾಪಾರಿ ತನ್ನ ಗೆಳೆಯರೊಡನೆ ಆರು ಜೀಪುಗಳಲ್ಲಿ ಹೊರಟಾಗ ಈ ಶಿಸ್ತನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ವಿಚಿತ್ರವಾದರೂ ನಿಜ.

ಎಷ್ಟು ವಾಹನ, ಎಷ್ಟು ಹೊತ್ತು

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ಹೆದ್ದಾರಿಯಲ್ಲಿ ನಾಲ್ಕೂವರೆ ಗಂಟೆಗಳ ಹಾದಿ. ತಿಂಡಿಯ ನಿಲುಗಡೆಗೆ ಅರ್ಧ ಗಂಟೆ ಎಂದು ಬರೆದುಕೊಂಡವರು ಅದನ್ನು ಮುಕ್ಕಾಲು ಗಂಟೆ ಎಂದೇ ಓದಿಕೊಳ್ಳುವುದು ಲೇಸು. ಬೆಳಿಗ್ಗೆ ಐದಕ್ಕೆ ಹೊರಟರೆ ಹತ್ತೂವರೆಯ ಹೊತ್ತಿಗೆ ಸಕಲೇಶಪುರ ಸೇರಬಹುದು. ಇಲ್ಲಿಯವರೆಗಿನ ಲೆಕ್ಕ ಎಲ್ಲರಿಗೂ ಬರುತ್ತದೆ. ತಪ್ಪುವುದು ಡಾಂಬರು ಮುಗಿದ ಮೇಲೆ.

ತೋಟದೊಳಗಿನ ಕಲ್ಲುದಾರಿಯಲ್ಲಿ 12 ಕಿ.ಮೀ. ಎಂದರೆ ಅರ್ಧ ಗಂಟೆಯೆಂದು ಭಾವಿಸುವವರುಂಟು. ಒಂದು ಕಡಿದಾದ, ಕೆಸರಿನ ಏರು ಎದುರಾಯಿತೆಂದು ಇಟ್ಟುಕೊಳ್ಳೋಣ. ಪ್ರತಿ ವಾಹನವೂ ಸರದಿಯಂತೆ ಏರಿ ಮೇಲಕ್ಕೆ ಬರಲು 10 ನಿಮಿಷ ಬೇಕಾದರೆ ಆರು ವಾಹನಗಳಿಗೆ ಒಂದು ಗಂಟೆ, ಹನ್ನೆರಡು ವಾಹನಗಳಿಗೆ ಎರಡು ಗಂಟೆ. ದಾರಿ ಅಷ್ಟೇ ಉದ್ದ, ಏರು ಅದೇ. ಜೊತೆಗಾರರು ಹೆಚ್ಚಿದ್ದಷ್ಟೇ ವ್ಯತ್ಯಾಸ. ಒಂದು ಗಾಡಿ ಹೂತುಹೋದರೆ ಉಳಿದವರೆಲ್ಲರೂ ನಿಂತಂತೆಯೇ ಸರಿ. ಐದರಿಂದ ಎಂಟು ವಾಹನಗಳ ತಂಡವೇ ಇಂತಹ ದಾರಿಗೆ ಸೂಕ್ತ. ಅದಕ್ಕಿಂತ ಹೆಚ್ಚಿನವರು ಬಂದರೆ ಎರಡು ತಂಡಗಳಾಗಿ, ಬೇರೆ ಬೇರೆ ಹೊತ್ತಿನಲ್ಲಿ ಬಿಡುವುದು ಮೇಲು. ಒಂಟಿ ವಾಹನವಂತೂ ಸಲ್ಲದು. ಎಳೆಯಲು ಇನ್ನೊಂದು ಬೇಕೇ ಬೇಕು.

ಡಿಸೆಂಬರಿನಲ್ಲಿ ಘಟ್ಟದ ಸೀಮೆಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸಿನಲ್ಲಿ. ಮರಗಳ ನೆರಳಿನಲ್ಲಿ ಐದೂವರೆಗೇ ಕತ್ತಲು ಕವಿಯುತ್ತದೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳ ಸಂಚಾರವಿದೆ. ಬೆಳಗು ಬೈಗುಗಳಲ್ಲಿ ತೋಟದವರೇ ದಾರಿ ನೋಡಿಕೊಂಡು ನಡೆಯುತ್ತಾರೆ. ಹೀಗಿರುವಾಗ ಎಲ್ಲಿಯೇ ಇರಲಿ, ಎಷ್ಟೇ ಹತ್ತಿರವಿರಲಿ, ಮಧ್ಯಾಹ್ನ ಮೂರಕ್ಕೆ ಹಿಂತಿರುಗುವುದೆಂದು ಹೊರಡುವ ಮುನ್ನವೇ ತೀರ್ಮಾನಿಸಬೇಕು. ಸ್ಥಳದಲ್ಲಿ ನಿಂತು ಚರ್ಚಿಸಿದರೆ ಉತ್ಸಾಹಿಗಳ ಮಾತೇ ಗೆಲ್ಲುತ್ತದೆ.

ವಾಹನಗಳ ಪಟ್ಟಿಯನ್ನು ಗುರುವಾರದೊಳಗೆ ಸಿದ್ಧಪಡಿಸುವುದು ಒಳ್ಳೆಯದು. ಪಟ್ಟಿಯಲ್ಲಿ ಹೆಸರಿಗಿಂತ ಗುಣಕ್ಕೆ ಬೆಲೆ. 2023ರ ಜನವರಿಯಿಂದ ಥಾರ್ ವಾಹನವು ಹಿಂಬದಿ ಚಕ್ರಗಳಿಗೆ ಮಾತ್ರ ಚಾಲನೆಯಿರುವ ಮಾದರಿಯಲ್ಲಿಯೂ ದೊರೆಯುತ್ತಿದೆ. ನೋಟದಲ್ಲಿ ಎರಡೂ ಬಹುತೇಕ ಒಂದೇ, ಕೆಸರಿನಲ್ಲಿ ಅಲ್ಲ. ನಾಲ್ಕು ಚಕ್ರ ಚಾಲನೆ ಇದೆಯೇ, ಲೋ ಗೇರ್ ಇದೆಯೇ, ಟೈರು ಯಾವುದು ಎಂದು ಕೇಳಿ ಬರೆದುಕೊಳ್ಳಬೇಕು. ದಾರಿಯನ್ನು ಆರಿಸಬೇಕಾದುದು ಪಟ್ಟಿಯಲ್ಲಿರುವ ಅತ್ಯಂತ ದುರ್ಬಲ ವಾಹನಕ್ಕೆ ಮತ್ತು ಅತ್ಯಂತ ಹೊಸ ಚಾಲಕನಿಗೆ ತಕ್ಕಂತೆ.

ಇಂಧನವನ್ನು ಕಿ.ಮೀ. ಲೆಕ್ಕದಲ್ಲಿ ಅಳೆಯುವ ಅಭ್ಯಾಸವನ್ನು ಇಲ್ಲಿ ಬದಿಗಿಡಬೇಕು. ಹೆದ್ದಾರಿಯಲ್ಲಿ ಲೀಟರಿಗೆ 12 ಕಿ.ಮೀ. ಕೊಡುವ ಗಾಡಿ ಲೋ ಗೇರಿನಲ್ಲಿ ಅದರ ಅರ್ಧವನ್ನೂ ಕೊಡದಿರಬಹುದು. ಸಕಲೇಶಪುರದ ಬಂಕಿನಲ್ಲಿ ಎಲ್ಲರೂ ಟ್ಯಾಂಕು ತುಂಬಿಸಿಕೊಂಡರೆ ಎರಡು ದಿನಕ್ಕೆ ಧಾರಾಳ; ಕ್ಯಾನುಗಳಲ್ಲಿ ಪೆಟ್ರೋಲ್ ಹೊತ್ತೊಯ್ಯುವ ಅಪಾಯ ಬೇಕಿಲ್ಲ.

ಗಾಳಿಯ ಲೆಕ್ಕ ಇನ್ನೂ ಸೂಕ್ಷ್ಮ. ಹೆದ್ದಾರಿಯಲ್ಲಿ 30 ಪೌಂಡಿನ ಆಸುಪಾಸಿನಲ್ಲಿರುವ ಗಾಳಿಯನ್ನು ಕಲ್ಲು ಕೆಸರಿನ ದಾರಿಗೆ 18ರಿಂದ 20ಕ್ಕೆ ಇಳಿಸುತ್ತಾರೆ. ಟೈರು ಅಗಲವಾಗಿ ನೆಲವನ್ನು ಹಿಡಿಯುತ್ತದೆ, ಕುಲುಕಾಟ ತಗ್ಗುತ್ತದೆ. ಇಳಿಸುವುದು ಸುಲಭ. ಹಿಂತಿರುಗಿ ಡಾಂಬರಿಗೆ ಬಂದಾಗ ಆರು ವಾಹನಗಳ 24 ಟೈರುಗಳಿಗೆ, ಒಂದಕ್ಕೆ ಐದು ನಿಮಿಷದಂತೆ, ಒಂದೇ ಕಂಪ್ರೆಸರಿನಿಂದ ಗಾಳಿ ತುಂಬಿಸಲು ಎರಡು ಗಂಟೆ ಬೇಕು. ಭಾನುವಾರ ಸಂಜೆ ಈ ಎರಡು ಗಂಟೆಯನ್ನು ಕಳೆಯಲಾರದೆ ಕಡಿಮೆ ಗಾಳಿಯಲ್ಲಿಯೇ ಹೆದ್ದಾರಿಗೆ ಇಳಿಯುವವರು ಟೈರು ಕಾದು ಸಿಡಿಯುವ ಅಪಾಯವನ್ನು ತಂದುಕೊಳ್ಳುತ್ತಾರೆ. ಮೂರು ಕಂಪ್ರೆಸರ್ ಒಯ್ದರೆ 40 ನಿಮಿಷಕ್ಕೆ ಮುಗಿಯುತ್ತದೆ. ಇಲ್ಲವೇ ಪೇಟೆಯ ಪಂಕ್ಚರ್ ಅಂಗಡಿಯವರಿಗೆ ಬೆಳಿಗ್ಗೆಯೇ ಹೇಳಿಟ್ಟು ಬರಬಹುದು. ನಾಲ್ಕು ಕಾಸು ಊರಿನವರಿಗೂ ಸಿಕ್ಕಂತಾಗುತ್ತದೆ.

ಸಾಲಿನಲ್ಲಿ ಸಾಗುವ ನಿಯಮ ಒಂದೇ ಸಾಕು. ಪ್ರತಿ ಚಾಲಕನೂ ತನ್ನ ಹಿಂದಿನ ವಾಹನಕ್ಕೆ ಹೊಣೆ. ತಿರುವಿನಲ್ಲಿ ಹಿಂದಿನ ಗಾಡಿ ಕಾಣುವವರೆಗೆ ನಿಲ್ಲಬೇಕು. ದಾರಿ ಬಲ್ಲವರು ಮುಂದೆ, ಸಾಮಗ್ರಿ ಮತ್ತು ಅನುಭವ ಉಳ್ಳವರು ಕೊನೆಯಲ್ಲಿ. ಹೆತ್ತೂರು, ವಣಗೂರು, ಬಿಸಿಲೆಯ ಕಡೆಯ ಎಷ್ಟೋ ಜಾಗಗಳಲ್ಲಿ ಮೊಬೈಲ್ ಸಂಪರ್ಕ ನೆಚ್ಚುವಂತಿಲ್ಲವಾದ್ದರಿಂದ ವಾಕಿ-ಟಾಕಿ ಉಪಯುಕ್ತ. ಆದರೆ ಎಲ್ಲ ವಾಕಿ-ಟಾಕಿಯನ್ನೂ ಪರವಾನಗಿಯಿಲ್ಲದೆ ಬಳಸುವಂತಿಲ್ಲ. 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ 2018ರ ನಿಯಮಗಳಲ್ಲಿ ವಿನಾಯಿತಿ ಇದೆ. ಇದಕ್ಕೆ ಹೊರತಾದ ಉಪಕರಣಗಳ ಅಕ್ರಮ ಮಾರಾಟದ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2025ರಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸು ನೀಡಿರುವುದನ್ನು ಈ ಸರಕು ಇಡುವ ವರ್ತಕರು ಗಮನದಲ್ಲಿಡಬೇಕು.

ಯಾರ ನೆಲ, ಯಾರ ಅನುಮತಿ

ಮಲೆನಾಡಿನಲ್ಲಿ ಒಡೆಯನಿಲ್ಲದ ದಾರಿ ಎಂಬುದು ಇಲ್ಲ. ತೋಟದ ರಸ್ತೆ ತೋಟದವರದು. ಕಾಡಿನ ದಾರಿ ಅರಣ್ಯ ಇಲಾಖೆಯದು. ಬಿಸಿಲೆ ಘಟ್ಟದ ಮೂಲಕ ಕುಕ್ಕೆ ಸುಬ್ರಹ್ಮಣ್ಯದತ್ತ ಇಳಿಯುವ ಸಾರ್ವಜನಿಕ ರಸ್ತೆಯಲ್ಲಿ ಯಾರೂ ಸಾಗಬಹುದು. ಆ ರಸ್ತೆಯನ್ನು ಬಿಟ್ಟು ಮೀಸಲು ಅರಣ್ಯದೊಳಕ್ಕೆ ಚಕ್ರ ಇಳಿಸುವಂತಿಲ್ಲ. 1963ರ ಕರ್ನಾಟಕ ಅರಣ್ಯ ಕಾಯಿದೆ ಮತ್ತು ಅಭಯಾರಣ್ಯಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಕ್ರಮ ಪ್ರವೇಶ ಅಪರಾಧ, ವಾಹನವನ್ನೂ ವಶಪಡಿಸಿಕೊಳ್ಳಬಹುದು. ನಕ್ಷೆಯಲ್ಲಿ ಗೆರೆ ಕಾಣುತ್ತದೆ ಎಂಬುದು ಅಧಿಕಾರಿಗಳ ಮುಂದೆ ಉತ್ತರವಾಗದು.

ತೋಟದವರ ಅನುಮತಿಯನ್ನು ದೂರವಾಣಿಯಲ್ಲಿ ಪಡೆದರೆ ಸಾಲದು. ಸಾಧ್ಯವಾದರೆ ಒಂದು ವಾರ ಮೊದಲು ಒಬ್ಬರು ಹೋಗಿ ಸಾಹುಕಾರರನ್ನೋ ತೋಟದ ರೈಟರನ್ನೋ ಕಂಡು, ದಾರಿಯನ್ನು ನಡೆದು ನೋಡಿ ಬರಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಕುಯ್ಲು. ಹಣ್ಣು ಹೊತ್ತ ಟ್ರ್ಯಾಕ್ಟರಿಗೆ ಅಡ್ಡವಾಗಿ ಆರು ಜೀಪು ನಿಂತರೆ ತೋಟದವರಿಗೆ ಅಂದಿನ ಕೂಲಿ ನಷ್ಟ. ಬೇಸಿಗೆಯಲ್ಲಿ ಬೆಂಕಿಯ ಭಯ. ಮಳೆಗಾಲದಲ್ಲಿ ತೋಟದ ದಾರಿಗಳಿಗೆ ಬೇರೆಯೇ ಸಂಕಟವಿದೆ: ಚಕ್ರ ಗಿರಕಿ ಹೊಡೆದು ಕೊರೆದ ಗುಣಿಯಲ್ಲಿ ನೀರು ಹರಿಯತೊಡಗಿ, ಎರಡು ಜಡಿಮಳೆಗೆ ಅದೇ ಕಾಲುವೆಯಾಗುತ್ತದೆ. ಅದನ್ನು ಮುಚ್ಚಿಸುವ ಖರ್ಚು ತೋಟದವರದು. ಒಮ್ಮೆ ಸ್ವಾಗತಿಸಿದ ತೋಟಗಳು ಮರುವರ್ಷ ಗೇಟಿಗೆ ಸರಪಳಿ ಹಾಕುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಎಲ್ಲ ಕಡೆಯೂ ಸ್ವಂತ ವಾಹನವನ್ನೇ ಏರಿಸಬೇಕೆಂದೂ ಇಲ್ಲ. ಕೊಡಗಿನ ಮಾಂದಲಪಟ್ಟಿಯಂತಹ ಕಡೆ ಬಾಡಿಗೆ ಜೀಪು ಸ್ಥಳೀಯ ಕುಟುಂಬಗಳ ಜೀವನೋಪಾಯ.

ಎಳೆಯುವ ಸಾಮಗ್ರಿ: ಜೀವದ ಪ್ರಶ್ನೆ

ಯಾತ್ರೆಯ ಊಟ, ಗುಡಾರ, ದೀಪಗಳ ಬಗೆಗೆ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಹೂತ ವಾಹನವನ್ನು ಎಳೆಯುವ ಹಗ್ಗ ಮತ್ತು ಕೊಂಡಿಯ ಬಗೆಗೆ ನಡೆಯುವುದಿಲ್ಲ. ನಿಜವಾದ ಅಪಾಯವಿರುವುದು ಅಲ್ಲಿಯೇ.

ಕೆಸರಿನಲ್ಲಿ ಹೂತ ಎರಡು ಟನ್ ತೂಕದ ವಾಹನವನ್ನು ಎಳೆಯುವಾಗ ಹಗ್ಗದ ಮೇಲೆ ಬೀಳುವ ಬಲ ಆ ತೂಕವನ್ನೂ ಮೀರಬಹುದು. ನೈಲಾನ್ ಹಗ್ಗ ತನ್ನ ಉದ್ದದ ಶೇ. 20ರಿಂದ 30ರವರೆಗೆ ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಆ ಶಕ್ತಿಯಿಂದಲೇ ವಾಹನ ಮೇಲೆ ಬರುತ್ತದೆ. ಈ ಹೊತ್ತಿನಲ್ಲಿ ಕೊಂಡಿಯೋ ಬಂಪರಿನ ಕೊಕ್ಕೆಯೋ ಮುರಿದರೆ ಅದೇ ಶಕ್ತಿ ಕಬ್ಬಿಣದ ತುಂಡನ್ನು ಕವಣೆಯ ಕಲ್ಲಿನಂತೆ ಎಸೆಯುತ್ತದೆ. ಟ್ರೇಲರ್ ಕಟ್ಟುವ ಗುಂಡಿಗೆ ಹಗ್ಗ ಸಿಕ್ಕಿಸಿ ಎಳೆದು ಪ್ರಾಣ ಕಳೆದುಕೊಂಡ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಬಂಪರಿನಲ್ಲಿ ತಿರುಗಿಸಿ ಕೂರಿಸುವ ಕೊಕ್ಕೆಯೂ ಸಮತಟ್ಟಾದ ರಸ್ತೆಯಲ್ಲಿ ಮೆಲ್ಲಗೆ ಎಳೆಯುವುದಕ್ಕೆಂದು ಕೊಟ್ಟದ್ದು. ಹೂತ ವಾಹನವನ್ನು ಜಗ್ಗಿ ಎಳೆಯುವುದಕ್ಕಲ್ಲ.

19 ಮಿ.ಮೀ. ದಪ್ಪದ ಬಿಲ್ಲಾಕಾರದ ಶ್ಯಾಕಲ್ ಸಾಮಾನ್ಯವಾಗಿ 4.75 ಟನ್ ಬಳಕೆಯ ಹೊರೆಗೆ ತಯಾರಾಗುತ್ತದೆ. ಕಾಯಿಸಿ ಬಡಿದು ರೂಪಿಸಿದ ಉಕ್ಕಿನಿಂದ ಮಾಡಿ, ಪರೀಕ್ಷೆಗೆ ಒಳಪಡಿಸಿದ್ದರೆ ಮಾತ್ರ ಈ ಮಾತು ನಿಜ. ಎರಕ ಹೊಯ್ದ ಅಥವಾ ಸರಳು ಬಗ್ಗಿಸಿ ಬೆಸೆದ ಕೊಂಡಿಯ ಮೇಲೆ ಅದೇ ಅಂಕಿಯನ್ನು ಅಚ್ಚೊತ್ತಿ ಮಾರಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ಪೀಣ್ಯ, ಬೆಳಗಾವಿ, ಹುಬ್ಬಳ್ಳಿಗಳ ಘಟಕಗಳಿಗೆ ಇಂತಹ ಸಾಮಗ್ರಿಯನ್ನು ಸರಿಯಾಗಿ ತಯಾರಿಸುವ ಸಾಮರ್ಥ್ಯವಿದೆ. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪ್ರತಿ ತಂಡದ ಮಾದರಿಯನ್ನು ಎಳೆದು ಪರೀಕ್ಷಿಸಿ ಪ್ರಮಾಣಪತ್ರ ಪಡೆಯುವುದು ಅಸಾಧ್ಯದ ಕೆಲಸವಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ಉತ್ಪನ್ನದಿಂದಾದ ಹಾನಿಗೆ ತಯಾರಕರನ್ನು ಹೊಣೆಯಾಗಿಸಿದೆ. ತಯಾರಕರು ಯಾರೆಂದು ತಿಳಿಯದಿದ್ದಲ್ಲಿ ಮಾರಿದ ಅಂಗಡಿಯವರೂ ಹೊಣೆಯಾಗಬಹುದು. ಹೆಸರಿಲ್ಲದ ಪೆಟ್ಟಿಗೆಯಲ್ಲಿ ಬಂದ ಕೊಂಡಿಯನ್ನು ಅಗ್ಗವೆಂದು ಕಪಾಟಿಗೆ ಏರಿಸುವ ಮುನ್ನ ವರ್ತಕರು ಈ ಅಂಶವನ್ನು ಓದಿಕೊಳ್ಳಬೇಕು.

ವಿಂಚಿಗೂ ಲೆಕ್ಕವಿದೆ. ಸಾಮಾನು ಸಮೇತ ವಾಹನದ ತೂಕದ ಒಂದೂವರೆ ಪಟ್ಟು ಸಾಮರ್ಥ್ಯ ಕನಿಷ್ಠ. ಡಬ್ಬದ ಮೇಲೆ ಬರೆದ ಸಾಮರ್ಥ್ಯ ಉರುಳೆಯ ಮೊದಲ ಸುತ್ತಿನದು. ಹಗ್ಗದ ಸುತ್ತು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ. ಎಳೆಯುವಾಗ ಉಕ್ಕಿನ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಹಗ್ಗದ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಎಲ್ಲರನ್ನೂ ಕಳುಹಿಸಬೇಕು. ಮೊಬೈಲಿನಲ್ಲಿ ಚಿತ್ರ ತೆಗೆಯುವವರನ್ನು ಮೊದಲು. ಆಧಾರಕ್ಕೆಂದು ತೋಟದ ಸಿಲ್ವರ್ ಓಕ್ ಮರಕ್ಕೆ ಬರಿಯ ಉಕ್ಕಿನ ಹಗ್ಗವನ್ನು ಬಿಗಿಯುವವರು ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿಯನ್ನು ನೋಡುವುದಿಲ್ಲ. ಆ ಬಳ್ಳಿ ಮತ್ತೆ ಫಸಲು ಕೊಡುವಂತಾಗಲು ವರ್ಷಗಳು ಬೇಕು. ಅಗಲವಾದ ಪಟ್ಟಿಯನ್ನು, ಬಳ್ಳಿಯಿಲ್ಲದ ಮರಕ್ಕೆ, ಬುಡದಲ್ಲಿಯೇ ಕಟ್ಟಬೇಕು.

ಮಾರ್ಪಾಡು ಮತ್ತು ವಿಮೆ

ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ವಾಹನದ ಮೂಲ ಸ್ವರೂಪಕ್ಕೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಮುಂದಿನ ಉಕ್ಕಿನ ಗಾರ್ಡುಗಳ ವಿರುದ್ಧ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಸೂಚಿಸಿತ್ತು. ಇಂತಹ ಸರಕಿನಲ್ಲಿ ಬಂಡವಾಳ ತೊಡಗಿಸುವುದಕ್ಕಿಂತ ಬಿಚ್ಚಿ ಒಯ್ಯಬಹುದಾದ ಸಾಮಗ್ರಿಗಳತ್ತ ತಯಾರಕರು ತಿರುಗುವುದು ವಿವೇಕ. ಕೆಸರಿಗೆ ಹಾಸುವ ಹಲಗೆ, ಸನಿಕೆ, ಹಗ್ಗದ ಚೀಲ, ಕಂಪ್ರೆಸರ್, ಮಡಚುವ ಮೇಜುಗಳಿಗೆ ಯಾವ ಆರ್‌ಟಿಒ ತಕರಾರೂ ಇಲ್ಲ.

ಸಾಮಾನ್ಯ ವಿಮಾ ಪಾಲಿಸಿಯು ಬಾಡಿಗೆಗೆ ಓಡಿಸುವುದನ್ನು, ಸಂಘಟಿತ ಪಂದ್ಯವನ್ನು, ವೇಗ ಅಥವಾ ಸಾಮರ್ಥ್ಯದ ಪರೀಕ್ಷೆಯನ್ನು ಒಳಗೊಳ್ಳುವುದಿಲ್ಲ. ಆದ್ದರಿಂದ ಯಾತ್ರೆಯಲ್ಲಿ ಪೈಪೋಟಿ, ಬಹುಮಾನ ಬೇಡ. ಸ್ವಂತ ವಾಹನದಲ್ಲಿ ಪರರನ್ನು ಹಣ ಪಡೆದು ಕೂರಿಸಿಕೊಳ್ಳುವುದೂ ಬೇಡ. ಇಂಧನ ಅವರವರದು. ಊಟ, ವಸತಿ, ತೋಟದವರಿಗೆ ಕೊಡುವ ಮೊತ್ತ ಸಮಪಾಲು. ಹೂತ ವಾಹನವನ್ನು ಎಳೆಯುವಾಗ ಎಳೆದವರ ಗಾಡಿಗೆ ಏಟಾದರೆ ಖರ್ಚು ಯಾರದೆಂಬುದನ್ನು ಹೊರಡುವ ಮೊದಲೇ ಮಾತನಾಡಿಕೊಳ್ಳದೆ ಮುರಿದುಬಿದ್ದ ಗೆಳೆತನಗಳುಂಟು. ತಲೆಗಿಷ್ಟು ಎಂದು ಸಾಮಾನ್ಯ ನಿಧಿಯೊಂದನ್ನು ಇರಿಸಿ, ಲೆಕ್ಕವನ್ನು ಒಬ್ಬರೇ ಬರೆಯುವುದು ಸರಳ ದಾರಿ.

ಸೋಮವಾರ ವಾಹನ ತೊಳೆಯುವಾಗ ಹಗ್ಗವನ್ನೂ ನೀರಿನಲ್ಲಿ ಅದ್ದಿ, ಕೆಸರಿನ ಕಣಗಳನ್ನು ತೆಗೆದು, ನೆರಳಿನಲ್ಲಿ ಒಣಗಿಸಬೇಕು. ಕಣಗಳು ಒಳಗುಳಿದರೆ ನೂಲನ್ನು ಅರದಂತೆ ತಿನ್ನುತ್ತವೆ. ಶ್ಯಾಕಲಿನ ಪಿನ್ನು ಬೆರಳಿನಲ್ಲಿ ಸರಾಗವಾಗಿ ತಿರುಗದಿದ್ದರೆ ಅದು ಬಾಗಿದೆಯೆಂದೇ ತಿಳಿದು ಬದಲಿಸಬೇಕು. ನೂಲು ಕಿತ್ತ ಹಗ್ಗವನ್ನು ಗಂಟು ಹಾಕಿ ಮುಂದಿನ ಯಾತ್ರೆಗೆ ಎತ್ತಿಡುವುದು ಬೇಡ. ಬೇರೆ ಯಾರೂ ತೆಗೆದು ಬಳಸದಂತೆ ಅದನ್ನು ತುಂಡರಿಸಿಯೇ ಎಸೆಯಬೇಕು.