ಮನೆ ಯಾರ ಹೆಸರಲ್ಲಿದೆ?

ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನಮ್ಮಂಥ ಎಷ್ಟೋ ಜನರ ಮನೆ ಕಾಡಿನ ಜಾಗದಲ್ಲಿದೆ. ಗೋಡೆಗೆ ಮಣ್ಣು ಮೆತ್ತಿದವರು ನಾವು. ಬಾವಿ ತೋಡುವಾಗ ಮಣ್ಣು ಹೊತ್ತವರೂ ನಾವೇ. ಆದರೆ ಜಾಗ ಅರಣ್ಯ ಇಲಾಖೆಯದು ಅಂತಾರೆ. ನಮ್ಮ ಕೈಯಲ್ಲಿ ಕಾಗದ ಇಲ್ಲ.

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. 2005ರ ಡಿಸೆಂಬರ್ 13ಕ್ಕೆ ಮೊದಲೇ ಕಾಡಿನಲ್ಲಿದ್ದು, ಕಾಡನ್ನೇ ನಂಬಿ ಬದುಕಿದವರು ಹಕ್ಕು ಕೇಳಬಹುದು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದವರು. ಅವರಿಗೆ ಇಷ್ಟು ಸಾಕು. ಪಂಗಡಕ್ಕೆ ಸೇರದವರು ಆ ದಿನಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಕಷ್ಟ ಇರೋದು ಇಲ್ಲೇ. ಅಜ್ಜಿಯ ಕಾಲದ ರಶೀದಿ ಎಲ್ಲಿಂದ ತರೋಣ?

ಕಾಗದ ಒಂದೇ ಸಾಕ್ಷಿ ಅಲ್ಲ. ಹಳೆಯ ಬಾವಿ, ಸ್ಮಶಾನ, ಕಟ್ಟಿದ ಮನೆ, ಹಾಕಿದ ಬದು ಕೂಡ ಸಾಕ್ಷಿ. ಊರಿನ ಬೇರೆ ಹಿರಿಯರು ಹೇಳಿದ್ದನ್ನು ಬರೆದು ಕೊಟ್ಟರೆ ಅದೂ ಸಾಕ್ಷಿ. ಇಂಥವು ಎರಡಾದರೂ ಬೇಕು.

ಅರ್ಜಿ ಮೊದಲು ಗ್ರಾಮಸಭೆಗೆ ಹೋಗುತ್ತದೆ. ಗಂಡಸರು ಹೋದರಾಯ್ತು ಅಂತ ನಾವು ಮನೆಯಲ್ಲೇ ಕೂತಿರ್ತೇವೆ. ಅದು ತಪ್ಪು. ಸಭೆಗೆ ಬಂದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು ಅಂತ ನಿಯಮವೇ ಇದೆ.

ಗ್ರಾಮಸಭೆಯ ತೀರ್ಮಾನ ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಸಿರಸಿಯ ಎ.ಸಿ. ಕಚೇರಿಗೆ ಮೇಲ್ಮನವಿ ಕೊಡಬೇಕು. ಪರಿಶೀಲನೆ ಪೂರ್ತಿ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ.

ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಮನೆ ನಡೆಸುವವಳು ಒಬ್ಬಳೇ ಆದರೆ ಅವಳೊಬ್ಬಳ ಹೆಸರು. ಈ ಜಾಗ ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ. ಕುಡಿದು ಬಂದು ಮನೆ ಮಾರ್ತೇನೆ ಅನ್ನುವವನಿಗೆ ಈ ಮಾತು ಓದಿ ಹೇಳಿ.

ಅರ್ಜಿಯಲ್ಲಿ ನಿಮ್ಮ ಹೆಸರು ಇದೆಯೇ? ನೀವೇ ಓದಿ ನೋಡಿ. ಆಮೇಲೆ ಸಹಿ ಹಾಕಿ.