ತಲೆ ಮೇಲಿನ ಸ್ಪ್ರಿಂಕ್ಲರ್‌ಗೆ ನೀರು ಬರ್ತದೋ ಇಲ್ಲೋ?

ಈ ಸಂಚಿಕೆಯನ್ನ ನೀವು ಗೋಕುಲ ರೋಡಿನ ಯಾವುದೋ ಮಾಲ್‌ನಲ್ಲೋ, ವಿದ್ಯಾನಗರದ ಆಫೀಸಿನಲ್ಲೋ ಕೂತು ಕೇಳ್ತಿದ್ರೆ ಒಮ್ಮೆ ತಲೆ ಎತ್ತಿ ನೋಡ್ರಿ. ಸೀಲಿಂಗ್‌ನಲ್ಲಿ ಹೆಬ್ಬೆರಳಿನಷ್ಟು ಲೋಹದ ಮೂತಿ, ಅದರ ನಡುವೆ ಕೆಂಪು ಗಾಜಿನ ಸಣ್ಣ ಕೊಳವಿ ಕಾಣ್ತದಲ್ಲ, ಅದೇ ಸ್ಪ್ರಿಂಕ್ಲರ್.

ಸಿನಿಮಾದಲ್ಲಿ ಹೀರೋ ಲೈಟರ್ ಹಿಡಿದ ಕೂಡಲೇ ಇಡೀ ಕಟ್ಟಡದಾಗ ಮಳೆ ಸುರೀತದ. ನಿಜದಲ್ಲಿ ಹಂಗಾಗೋದಿಲ್ಲ. ಗಾಜಿನೊಳಗಿನ ದ್ರವ ಬಿಸಿಗೆ ಹಿಗ್ಗಿ, ಕೆಂಪು ಬಣ್ಣದ್ದಾದರೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೀತದ. ಅಡುಗೆಮನೆಯಂಥ ಬಿಸಿ ಜಾಗಕ್ಕೆ 93 ಡಿಗ್ರಿಯ ಹಸಿರು ಹಾಕ್ತಾರೆ. ಯಾವುದು ಕಾಯ್ತದೋ ಅದಷ್ಟೇ ಒಡೆಯುತ್ತದೆ, ಪಕ್ಕದ್ದು ಸುಮ್ಮನಿರ್ತದ. ಬರೀ ಹೊಗೆಗೂ ಅದು ಒಡೆಯೋದಿಲ್ಲ.

ಗಾಜು ಒಡೆದ ಮೇಲೆ ನೀರು ಬರಬೇಕಲ್ಲ? ತಪಾಸಣೆ ಅನ್ನೋದು ಮುಖ್ಯವಾಗಿ ಈ ಪ್ರಶ್ನೆಯದ್ದೇ.

ನಮ್ಮ ಹುಬ್ಬಳ್ಳಿ-ಧಾರವಾಡದ ನೀರಿನ ಕಥಿ ನಿಮಗೆ ಗೊತ್ತೇ ಅದ. ಮಲಪ್ರಭಾ ನೀರು ಬಿಟ್ಟ ದಿನ ಕೊಡ, ಬ್ಯಾರೆಲ್, ಸಂಪು ಎಲ್ಲಾ ತುಂಬಿಸ್ಕೊಳ್ಳೋ ಊರು ನಮ್ದು. ಇಂಥ ಊರಾಗ ಒಂದು ಕಟ್ಟಡದ ಕೆಳಗೆ ಸಾವಿರಾರು ಲೀಟರ್ ನೀರು ಬೆಂಕಿಗಾಗಿಯೇ ಕಾದು ಕೂತದ ಅಂದ್ರೆ, ಟಾಯ್ಲೆಟ್‌ಗೆ ನೀರಿಲ್ಲದ ದಿನ ಮ್ಯಾನೇಜರ್ ಕಣ್ಣು ಎಲ್ಲಿ ಹೋಗ್ತದ ಹೇಳ್ರಿ? ಅದಕ್ಕೇ ಸರಿಯಾಗಿ ಕಟ್ಟಿದ ಕಡೆ ಒಂದು ಜಾಣತನ ಮಾಡಿರ್ತಾರೆ: ನೀರು ಮೊದಲು ಬೆಂಕಿ ಟ್ಯಾಂಕಿಗೆ ಬಂದು, ಅದು ತುಂಬಿ ಹೊರಚೆಲ್ಲಿದ್ದಷ್ಟೇ ಬಳಕೆ ಟ್ಯಾಂಕಿಗೆ ಹೋಗ್ತದ. ಬಳಕೆ ಟ್ಯಾಂಕು ಖಾಲಿಯಾದ್ರೂ ಬೆಂಕಿದು ತುಂಬೇ ಇರ್ತದ, ನೀರೂ ಕೊಳೆಯೋದಿಲ್ಲ. ತಪಾಸಣೆಗೆ ಬಂದವರು ಸಂಪಿನ ಮುಚ್ಚಳ ತೆಗೆಸಿ ನೋಡದೇ ಹೋದರೆ ಅದನ್ನ ತಪಾಸಣೆ ಅನ್ನೋದು ಕಷ್ಟ.

ಮುಂದಿನದು ಪಂಪ್ ರೂಮು. ಪೈಪಿನಲ್ಲಿ ಸದಾ ಒತ್ತಡ ಇರಬೇಕು. ಚೂರುಪಾರು ಸೋರಿಕೆಯನ್ನ ಜಾಕಿ ಪಂಪ್ ಅನ್ನೋ ಪುಟ್ಟ ಪಂಪ್ ಸರಿದೂಗಿಸ್ತದ. ಒತ್ತಡ ಜಾಸ್ತಿ ಇಳಿದರೆ ದೊಡ್ಡ ಕರೆಂಟ್ ಪಂಪ್ ತಾನೇ ಚಾಲೂ ಆಗಬೇಕು, ಕರೆಂಟ್ ಹೋದ್ರೆ ಡೀಸೆಲ್ ಪಂಪ್. ಬೆಂಕಿ ಬಿದ್ದಾಗ ಮೊದಲು ತೆಗೆಯೋದೇ ಕರೆಂಟು, ಹಾಗಾಗಿ ಡೀಸೆಲ್ ಪಂಪಿನ ಬ್ಯಾಟರಿ ಸತ್ತಿದ್ರೆ ಕಥಿ ಮುಗೀತು. ಪರೀಕ್ಷೆ ಸರಳ ಅದ: ಡ್ರೈನ್ ತೆಗೆದು ಒತ್ತಡ ಇಳಿಸೋದು, ಯಾರೂ ಬಟನ್ ಮುಟ್ಟದೇ ಪಂಪ್ ಎದ್ದೇಳ್ತದೇನು ನೋಡೋದು. ಬಹಳ ಕಡೆ ಪ್ಯಾನೆಲ್ 'ಆಟೋ' ಬದಲು 'ಆಫ್'ನಲ್ಲಿ ಇರೋದು ಸಿಕ್ಕಿಬೀಳೋದೇ ಇಲ್ಲಿ.

ಇನ್ನೊಂದು ದೊಡ್ಡ ಖಳನಾಯಕ ವಾಲ್ವ್. ರಿಪೇರಿಗೆ ಅಂತ ಮುಚ್ಚಿದ್ದನ್ನ ಮತ್ತೆ ತೆಗೆಯೋದು ಮರೀತಾರೆ. ಸ್ಪ್ರಿಂಕ್ಲರ್ ಕೈಕೊಟ್ಟ ಬೆಂಕಿಗಳನ್ನ ಅಮೆರಿಕದಲ್ಲಿ ಅಧ್ಯಯನ ಮಾಡಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕ ಕಾರಣ ಇದೇ: ವ್ಯವಸ್ಥೆಯನ್ನ ಮೊದಲೇ ಬಂದ್ ಮಾಡಿಟ್ಟಿದ್ರು. ವಾಲ್ವ್‌ಗೆ ಸರಪಳಿ ಹಾಕಿ, ತೆರೆದ ಸ್ಥಿತಿಯಲ್ಲೇ ಬೀಗ ಹಾಕೋದು ಅದಕ್ಕೇ.

ನಾನು ಒಂದು ಕಟ್ಟಡದಲ್ಲಿ ನೋಡಿದ್ದು ಹೇಳ್ತೀನಿ, ಹೆಸರು ಬೇಡ. ದೀಪಾವಳಿಗೆ ಸೀಲಿಂಗ್‌ಗೆ ಬಣ್ಣ ಹೊಡೆಯೋವಾಗ ಸ್ಪ್ರಿಂಕ್ಲರ್‌ಗೂ ಚಂದಾಗಿ ಬಿಳಿ ಬಣ್ಣ ಬಳಿದಿದ್ರು. ಬಣ್ಣ ಕೂತ ಗಾಜು ತಡವಾಗಿ ಒಡೀತದ, ಇಲ್ಲವೇ ಒಡೆಯೋದೇ ಇಲ್ಲ. ಒರೆಸಿದ್ರೂ ನಡೆಯೋದಿಲ್ಲ, ಹೊಸದೇ ಹಾಕಬೇಕು. ಅಲ್ಲೇ ಗೋಡೌನ್‌ನಲ್ಲಿ ರಟ್ಟಿನ ಡಬ್ಬಿ ಸೀಲಿಂಗ್ ಮುಟ್ಟೋ ಹಂಗ ಪೇರಿಸಿದ್ರು. ಮೂತಿಯ ಕೆಳಗೆ ಕನಿಷ್ಠ ಒಂದೂವರೆ ಅಡಿ ಖಾಲಿ ಇರದಿದ್ರೆ ನೀರು ಹರಡೋದೇ ಇಲ್ಲ.

ಇಷ್ಟೆಲ್ಲ ಯಾಕೆ ಅಂದ್ರೆ, 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೇ ಕೆಲವರು ಮೇಲಿಂದ ಹಾರಿದ್ರು. ಆಮೇಲೆ, 2011ರಲ್ಲಿ, ಹಳೆಯ ಎತ್ತರದ ಕಟ್ಟಡಗಳೂ ಅಗ್ನಿಸುರಕ್ಷತೆ ಪಾಲಿಸಬೇಕು ಅಂತ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿತು. ಅಗತ್ಯಗಳೇನು ಅನ್ನೋದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗದಲ್ಲಿ ಅದ. ಎನ್‌ಒಸಿ ಕೊಡೋದು ಅಗ್ನಿಶಾಮಕ ಇಲಾಖೆ, ಆದ್ರೆ ದಿನಾ ಪಂಪ್ ನೋಡೋ ಜವಾಬ್ದಾರಿ ಮಾಲೀಕರದ್ದು.

ಧಾರವಾಡದ ಸಪ್ತಾಪುರದಾಗ ಕೋಚಿಂಗ್‌ಗೆ ಹೋಗೋರು ಕೇಳ್ರಿ. ಸಣ್ಣ ಕಟ್ಟಡಗಳಲ್ಲಿ ಬಹಳಷ್ಟಕ್ಕೆ ಸ್ಪ್ರಿಂಕ್ಲರ್ ಇರೋದೇ ಇಲ್ಲ. 2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ಆರ್ಕೇಡ್‌ನಲ್ಲಿ ತೀರಿಕೊಂಡ 22 ವಿದ್ಯಾರ್ಥಿಗಳು ಇದ್ದದ್ದೂ ಕೋಚಿಂಗ್ ಕ್ಲಾಸಿನಲ್ಲೇ. ಅಂಥ ಕಡೆ ಎರಡನೇ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಬೀಗ ಹಾಕ್ಯಾರೇನು ನೋಡ್ಕೊಳ್ರಿ. ಸ್ಪ್ರಿಂಕ್ಲರ್ ಇರೋ ಆಫೀಸಿನಲ್ಲಿ ಇದ್ರೆ ಮೇಂಟೆನೆನ್ಸ್‌ನವರಿಗೆ ಒಂದೇ ಪ್ರಶ್ನೆ ಕೇಳ್ರಿ: ಕೊನೇ ಸಲ ಟೆಸ್ಟ್ ವಾಲ್ವ್ ತೆಗೆದಾಗ ಅಲಾರಾಂ ಹೊಡೀತಾ? ರಿಜಿಸ್ಟರ್ ತೋರಿಸೋಕೆ ಅವರು ಎಷ್ಟೊತ್ತು ತಗೋತಾರೆ ಅನ್ನೋದ್ರಲ್ಲೇ ಅರ್ಧ ಉತ್ತರ ಸಿಗ್ತದ.