ಉಪ್ಪುನೀರಿನಲ್ಲಿ ಬಳಸುವ ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರ್‌ಗಳ ನಿರ್ವಹಣೆ: ದೋಣಿ ಮಾಲೀಕರಿಗೆ ಮಾಹಿತಿ

ದೋಣಿಯ ಪರವಾನಗಿ, ಎಂಜಿನ್ ಸಹಾಯಧನ ಮುಂತಾದ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮೀನುಗಾರರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ಹೆಬ್ಬಗೋಡಿ, ಬೊಮ್ಮಸಂದ್ರ, ಪೀಣ್ಯ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ಇಂತಹ ಬಿಡಿಭಾಗಗಳ ಕಡೆತ ಅಥವಾ ದುರಸ್ತಿಯ ಕೆಲಸವನ್ನು ವಹಿಸಿಕೊಳ್ಳುವ ಸಣ್ಣ ಘಟಕಗಳೂ ಇದನ್ನು ಗಮನಿಸಬಹುದು.

ಕಲೆರಹಿತ ಉಕ್ಕು ತುಕ್ಕು ಹಿಡಿಯುವುದೇ ಇಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಹೆಬ್ಬಗೋಡಿಯಂತಹ ಒಳನಾಡಿನ ಕಾರ್ಖಾನೆಯಲ್ಲಿ ಈ ಉಕ್ಕಿನ ಪಾತ್ರೆ, ಕೊಳವೆಗಳು ವರ್ಷಗಟ್ಟಲೆ ಹೊಳಪು ಕಳೆದುಕೊಳ್ಳದಿರುವುದು ನಿಜ. ಆದರೆ ಅದೇ ಉಕ್ಕು ಮಲ್ಪೆ ಅಥವಾ ಗಂಗೊಳ್ಳಿಯ ನೀರಿನಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿಂದ ಒಳಗೊಳಗೇ ಕೊರೆಯಲ್ಪಡಬಹುದು. ನಡುಗಡಲಿನಲ್ಲಿ ಶಾಫ್ಟ್ ತುಂಡಾದರೆ ಅಥವಾ ಪ್ರೊಪೆಲ್ಲರ್ ಕಳಚಿಹೋದರೆ ದೋಣಿಯು ಗಾಳಿ, ನೀರಿನ ಸೆಳೆತಕ್ಕೆ ಸಿಲುಕುವುದರಿಂದ ಇದು ಕೇವಲ ಖರ್ಚಿನ ವಿಷಯವಲ್ಲ.

ಕೊರೆತಕ್ಕೆ ಕಾರಣ

ಈ ಉಕ್ಕಿನಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರುತ್ತದೆ. ಕ್ರೋಮಿಯಂ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಉಂಟುಮಾಡುತ್ತದೆ. ಗೀರು ಬಿದ್ದರೂ ಆಮ್ಲಜನಕ ದೊರೆತಲ್ಲಿ ಪೊರೆಯು ತಾನಾಗಿಯೇ ಕೂಡಿಕೊಳ್ಳುತ್ತದೆ. ಸಮುದ್ರದ ನೀರಿನಲ್ಲಿ ಲೀಟರೊಂದಕ್ಕೆ ಸುಮಾರು 35 ಗ್ರಾಂ ಲವಣವಿದ್ದು, ಅದರಲ್ಲಿನ ಕ್ಲೋರೈಡ್ ಈ ಪೊರೆಯನ್ನು ಒಡೆಯುತ್ತದೆ. ಪ್ರೊಪೆಲ್ಲರ್ ತಿರುಗುತ್ತಿರುವಾಗ ಹೊಸ ನೀರು ಆಮ್ಲಜನಕವನ್ನು ತರುವುದರಿಂದ ಅಪಾಯ ಕಡಿಮೆ. ನೀರು ನಿಂತಲ್ಲಿ, ಅಂದರೆ ನಟ್ಟಿನ ಅಡಿ, ಸುತ್ತಿಕೊಂಡ ಬಲೆಯ ನೂಲಿನ ಕೆಳಗೆ, ಅಂಟಿಕೊಂಡ ಚಿಪ್ಪುಗಳ ಬುಡದಲ್ಲಿ ಹಾಗೂ ಶಾಫ್ಟಿನ ಬೇರಿಂಗ್ ಸಂದಿನಲ್ಲಿ ಕೊರೆತ ಆರಂಭವಾಗುತ್ತದೆ. ಆದುದರಿಂದ ದುಡಿಯುವ ದೋಣಿಗಿಂತ ನೀರಿನಲ್ಲಿ ಸುಮ್ಮನೆ ನಿಂತ ದೋಣಿಗೇ ಹೆಚ್ಚಿನ ಎಚ್ಚರಿಕೆ ಬೇಕು.

ರಾಜ್ಯದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಅಳವಡಿಸಿದ ದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧವಿರುತ್ತದೆ. ಈ ಅವಧಿಯಲ್ಲಿ ಸಾಧ್ಯವಾದಲ್ಲಿ ದೋಣಿಯನ್ನು ದಡಕ್ಕೆ ಏರಿಸುವುದು ಸೂಕ್ತ. ಔಟ್‌ಬೋರ್ಡ್ ಎಂಜಿನ್ ಆದಲ್ಲಿ ಪ್ರೊಪೆಲ್ಲರನ್ನು ಕಳಚಿ, ಸಿಹಿನೀರಿನಿಂದ ತೊಳೆದು, ಒರೆಸಿ ಇಡತಕ್ಕದ್ದು.

ಮೀನುಗಾರಿಕೆಯ ಋತುವಿನಲ್ಲಿ

ಪ್ರತಿ ಬಾರಿ ದಡ ಸೇರಿದ ನಂತರ ಸಿಹಿನೀರಿನಿಂದ ತೊಳೆಯುವುದೇ ಎಲ್ಲಕ್ಕಿಂತ ಅಗ್ಗದ ನಿರ್ವಹಣೆ. ಚಿಪ್ಪುಗಳನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆದು ತೆಗೆದು, ನೈಲಾನ್ ಬ್ರಷ್‌ನಿಂದ ಉಜ್ಜಬೇಕು. ಸಾಮಾನ್ಯ ಕಬ್ಬಿಣದ ತಂತಿ ಬ್ರಷ್ ಬಳಸಿದಲ್ಲಿ ಕಬ್ಬಿಣದ ಕಣಗಳು ಮೇಲ್ಮೈಯಲ್ಲಿ ಹುದುಗಿ ಮರುದಿನವೇ ಕಂದು ಕಲೆಗಳು ಕಾಣಿಸುತ್ತವೆ. ಶೌಚಾಲಯ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ ಹಾಗೂ ಬ್ಲೀಚಿಂಗ್ ಪುಡಿಯನ್ನು ಯಾವ ಕಾರಣಕ್ಕೂ ಬಳಸಬಾರದು; ಇವೆರಡರಲ್ಲಿಯೂ ಇರುವುದು ಅದೇ ಕ್ಲೋರಿನ್.

ಮೀನುಗಾರರು ‘ಫ್ಯಾನ್’ ಎಂದು ಕರೆಯುವ ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡಾಗ ಹೊರಗೆ ಕಾಣುವಷ್ಟನ್ನು ಮಾತ್ರ ಕತ್ತರಿಸಿ ತೆಗೆಯುವುದು ರೂಢಿ. ಪ್ರೊಪೆಲ್ಲರಿನ ಹಿಂಬದಿಗೆ ಸೇರಿದ ನೂಲು ಎಣ್ಣೆಯ ಸೀಲನ್ನು ಕೊಯ್ದು, ಔಟ್‌ಬೋರ್ಡ್ ಎಂಜಿನ್ನಿನ ಗೇರ್ ಪೆಟ್ಟಿಗೆಯೊಳಗೆ ಉಪ್ಪುನೀರನ್ನು ಬಿಡುತ್ತದೆ. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ತಿಳಿಯತಕ್ಕದ್ದು. ಆದುದರಿಂದ ಆಗಾಗ್ಗೆ ಪ್ರೊಪೆಲ್ಲರನ್ನು ಪೂರ್ತಿ ಕಳಚಿ ನೋಡಿ, ಶಾಫ್ಟಿನ ಹಲ್ಲುಗಳಿಗೆ ಸಮುದ್ರ ಬಳಕೆಯ ಗ್ರೀಸ್ ಹಚ್ಚಿ, ನಟ್ ಬಿಗಿದು, ಹೊಸ ಪಿನ್ ಹಾಕಬೇಕು. ಗ್ರಾಫೈಟ್ ಬೆರೆತ ಗ್ರೀಸ್ ಸಲ್ಲದು. ಉಪ್ಪುನೀರಿನಲ್ಲಿ ಗ್ರಾಫೈಟ್ ತಗುಲಿದ ಲೋಹವು ಬೇಗ ನಶಿಸುತ್ತದೆ.

ಸತುವಿನ ತುಂಡು

ಔಟ್‌ಬೋರ್ಡ್ ಎಂಜಿನ್ನಿನ ಕೆಳಭಾಗವು ಅಲ್ಯೂಮಿನಿಯಂ ಮಿಶ್ರಲೋಹದ್ದು. ಎರಡು ಭಿನ್ನ ಲೋಹಗಳು ಒಂದಕ್ಕೊಂದು ತಗುಲಿ ಉಪ್ಪುನೀರಿನಲ್ಲಿ ಮುಳುಗಿದಾಗ ಬ್ಯಾಟರಿಯಂತೆ ವಿದ್ಯುತ್ ಹರಿದು, ಸ್ಟೇನ್‌ಲೆಸ್ ಸ್ಟೀಲ್ ಉಳಿಯುತ್ತದೆ, ಅಲ್ಯೂಮಿನಿಯಂ ನಶಿಸುತ್ತದೆ. ಅಲ್ಯೂಮಿನಿಯಂ ಪ್ರೊಪೆಲ್ಲರನ್ನು ತೆಗೆದು ಸ್ಟೀಲಿನದನ್ನು ಹಾಕಿಸಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇದರ ತಡೆಗೆ ಅಳವಡಿಸುವ ಸತುವಿನ ತುಂಡು ಅಥವಾ ಆನೋಡ್ ತಾನು ಕರಗಿ ಉಳಿದ ಲೋಹವನ್ನು ಕಾಯುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಬೇಕೆಂದೇ ಬರೆದುಕೊಂಡ ಸವಕಳಿ. ಅರ್ಧದಷ್ಟು ಕರಗಿದೊಡನೆ ಬದಲಾಯಿಸಬೇಕು. ಒಂದಿಷ್ಟೂ ಕರಗದಿದ್ದಲ್ಲಿ ಸಂತೋಷಪಡುವಂತಿಲ್ಲ, ಸಂಪರ್ಕ ತಪ್ಪಿದೆಯೇ ಎಂದು ಪರಿಶೀಲಿಸಬೇಕು. ಇದರ ಮೇಲೆ ಬಣ್ಣ ಬಳಿಯಬಾರದು. ಸಿಹಿನೀರಿಗೆಂದು ಮಾರುವ ಮೆಗ್ನೀಸಿಯಂ ಆನೋಡ್ ಸಮುದ್ರಕ್ಕೆ ತಕ್ಕುದಲ್ಲ.

ಖರೀದಿ ಮತ್ತು ದುರಸ್ತಿ

304 ಎಂಬ ಸಾಮಾನ್ಯ ದರ್ಜೆಗಿಂತ, ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುವ 316 ದರ್ಜೆಯು ಕ್ಲೋರೈಡನ್ನು ಹೆಚ್ಚು ತಾಳುತ್ತದೆ. ಶಾಫ್ಟ್, ಬೋಲ್ಟ್ ಕೊಳ್ಳುವಾಗ ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳುವುದು ಒಳಿತು. ಆದರೆ ಅಯಸ್ಕಾಂತ ಹಿಡಿಯಿತೆಂಬ ಒಂದೇ ಕಾರಣಕ್ಕೆ ಪ್ರೊಪೆಲ್ಲರ್ ಕಳಪೆಯೆಂದು ತೀರ್ಮಾನಿಸಬಾರದು. ಬಲಕ್ಕಾಗಿ ಹದಗೊಳಿಸಿದ 17-4 ದರ್ಜೆಯ ಉಕ್ಕನ್ನೂ ಅಯಸ್ಕಾಂತ ಸೆಳೆಯುತ್ತದೆ.

ಸ್ಟೀಲ್ ರೆಕ್ಕೆ ಬಂಡೆಗೆ ತಾಗಿದಾಗ ಅಲ್ಯೂಮಿನಿಯಂನಂತೆ ಸುಲಭವಾಗಿ ಬಾಗದೆ ಪೆಟ್ಟನ್ನು ಗೇರಿಗೆ ದಾಟಿಸಬಲ್ಲದು. ಪೆಟ್ಟಿನ ನಂತರ ಹೊಸದಾಗಿ ನಡುಕ ಕಂಡುಬಂದಲ್ಲಿ ರೆಕ್ಕೆಯೊಂದನ್ನೇ ಅಲ್ಲದೆ ಶಾಫ್ಟ್ ನೇರವಾಗಿದೆಯೇ ಎಂಬುದನ್ನೂ ನೋಡಿಸತಕ್ಕದ್ದು. ದುರಸ್ತಿ ಘಟಕಗಳು ಸಾಮಾನ್ಯ ಕಬ್ಬಿಣವನ್ನು ಉಜ್ಜಿದ ಸಾಣೆ ಚಕ್ರವನ್ನು ಇದಕ್ಕೆ ಬಳಸಬಾರದು. ಬೆಸುಗೆಯಿಂದ ನೀಲಿ-ಕಂದು ಬಣ್ಣಕ್ಕೆ ತಿರುಗಿದ ಭಾಗವನ್ನು ಪೂರ್ತಿ ತೆಗೆದು ನಯಗೊಳಿಸದಿದ್ದಲ್ಲಿ ಕೊರೆತವು ಅಲ್ಲಿಂದಲೇ ಮರುಕಳಿಸುತ್ತದೆ.

ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986ರಡಿ ಪರವಾನಗಿ ಕುರಿತ ವಿವರಗಳಿಗೆ ಆಯಾ ವ್ಯಾಪ್ತಿಯ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.